ಒಂದು ಗೆರೆಯ ಕೆರೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ, ಈ ಎಐ ಬಗ್ಗೆ ಅರ್ಧ ಗಂಟೆ ಮಾತಾಡಪ್ಪಾ" ಅಂದರು. ನಾನು ಚಿತ್ರಕಲೆಯ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಆಗಲಿ, ಚಿಕ್ಕದಾಗಿ ಮುಗಿಸು" ಅಂದರು. ನನ್ನ ವಿಷಯವೂ ಅದೇ. ಚಿತ್ರದಲ್ಲಿ ಎಷ್ಟು ಕಡಿಮೆ ಇದ್ದರೆ ಸಾಕು, ಯಾಕೆ ಕೆಲವರು ಕಡಿಮೆ ಮಾಡುತ್ತಾ ಮಾಡುತ್ತಾ ಒಂದು ಗೆರೆಗೆ ಬಂದು ನಿಲ್ಲುತ್ತಾರೆ ಅನ್ನುವುದು. ನಾನು ಬಿ.ಇ. ಓದಿದವನು, ಕಲೆ ಓದಿದವನಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಶುರು ಮಾಡುವುದು ಇದೇ ಶಾಲೆಯಿಂದ. ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಶನಿವಾರದ ಕೊನೆಯ ಪೀರಿಯಡ್ ಡ್ರಾಯಿಂಗ್. ಒಂದು ಶನಿವಾರ ಮೇಷ್ಟ್ರು ಬೋರ್ಡಿನ ಮೇಲೆ "ನಮ್ಮೂರ ಕೆರೆ" ಎಂದು ಬರೆದು ಕುರ್ಚಿಯಲ್ಲಿ ಕೂತರು. ನಾವೆಲ್ಲ ಏನು ಬರೆದೆವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಸೂರ್ಯನ ಸುತ್ತ ಕಡ್ಡಿ ಕಡ್ಡಿ ಕಿರಣ, ಗುಡ್ಡದಿಂದ ಇಳಿದು ಬರುವ ಹೊಳೆ, ಪಕ್ಕಕ್ಕೊಂದು ಹೆಂಚಿನ ಮನೆ, ಬಾಗಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ನಮ್ಮೂರ ಕೆರೆಯ ಹಿಂದೆ ಎರಡು ಗುಡ್ಡ ಇಲ್ಲ. ಹೊಳೆಯಂತೂ ಹದಿನೈದು ಮೈಲಿ ಹೋದರೂ ಸಿಗುವುದಿಲ್ಲ. ಆದರೂ ನಲವತ್ತು ಜನರಲ್ಲಿ ಮೂವತ್ತೊಂಬತ್ತು ಜನ ಅದನ್ನೇ ಬರೆದಿದ್ದೆವು.

ಒಬ್ಬ ಹುಡುಗಿ ಮಾತ್ರ ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಿದ್ದಳು. ಗೆರೆಯ ಮೇಲೆ ಒಂದು ಕಡೆ ಎರಡು ಸಣ್ಣ ಕಡ್ಡಿ. ಅದು ತೂಬಿನ ಕಲ್ಲು. ಅಷ್ಟೇ. ಮಿಕ್ಕಿದ್ದೆಲ್ಲ ಬಿಳಿ ಹಾಳೆ. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ ಹತ್ತಕ್ಕೆ ಎಂಟು ಹಾಕಿದರು. ನನಗೆ ಏಳು. ಬಣ್ಣ ಹಚ್ಚಿ ಹಚ್ಚಿ ಕ್ರೇಯಾನ್ ಸವೆಸಿದವನಿಗೆ ಏಳು! ಆ ಸಿಟ್ಟಿನಲ್ಲಿ ನಾನು ಅವಳಿಗೆ "ಒಂದ್‌ಗೆರೆ" ಎಂದು ಹೆಸರಿಟ್ಟೆ. ಹುಡುಗರೆಲ್ಲ ಹಿಡಿದುಕೊಂಡರು. ವರ್ಷವಿಡೀ ಅದೇ ಹೆಸರು. ಮುಂದಿನ ಶನಿವಾರ ಆಕೆ ಎರಡು ಗುಡ್ಡ, ನಡುವೆ ಸೂರ್ಯ ಬರೆದಳು. ಮೇಷ್ಟ್ರು ಏಳು ಕೊಟ್ಟರು, ಏನೂ ಹೇಳಲಿಲ್ಲ. ಆ ನಂತರ ಆಕೆ ಒಂದು ಗೆರೆಯ ಚಿತ್ರ ಬರೆದದ್ದನ್ನು ನಾನು ನೋಡಿಲ್ಲ.

ಇದನ್ನು ನಾನು ಮರೆತೇಬಿಟ್ಟಿದ್ದೆ. ನೆನಪಾದದ್ದು 2016ರಲ್ಲಿ, ನ್ಯೂಯಾರ್ಕಿನಲ್ಲಿ. ಕಂಪನಿಯವರು ಆನ್‌ಸೈಟ್ ಎಂದು ಕಳಿಸಿದ್ದರು. ಭಾನುವಾರ ರೂಮಿನಲ್ಲಿ ಕೂತು ಬೇಸರವಾಗಿ ಊರು ಸುತ್ತಲು ಹೊರಟೆ. ಮ್ಯಾಡಿಸನ್ ಅವೆನ್ಯೂ ರಸ್ತೆಯಲ್ಲಿ ಮೆಟ್ ಬ್ರಾಯರ್ ಎಂಬ ಹೊಸ ಮ್ಯೂಸಿಯಂ ಆ ಮಾರ್ಚ್‌ನಲ್ಲಿ ಬಾಗಿಲು ತೆರೆದಿತ್ತು. ಹೊರಗಿನ ಬೋರ್ಡಿನಲ್ಲಿ ನಸ್ರೀನ್ ಮೊಹಮ್ಮದಿ ಎಂಬ ಹೆಸರಿತ್ತು. ನಮ್ಮ ಕಡೆಯ ಹೆಸರು ಕಂಡಿತಲ್ಲ ಎಂಬ ಒಂದೇ ಕಾರಣಕ್ಕೆ ಒಳಗೆ ಹೋದೆ.

ಗೋಡೆಯ ತುಂಬ ಬಿಳಿ ಕಾಗದಗಳು. ಕಾಗದದ ಮೇಲೆ ಗೆರೆ. ಪೆನ್ಸಿಲಿನದು, ಇಂಕಿನದು. ಅಡ್ಡ ಗೆರೆ, ಓರೆ ಗೆರೆ, ಹತ್ತಿರ ಹತ್ತಿರ ಬಂದು ದೂರ ಸರಿಯುವ ಗೆರೆ. ಮನುಷ್ಯರಿಲ್ಲ, ಮರವಿಲ್ಲ, ಬಣ್ಣವಿಲ್ಲ. ಬಹುತೇಕ ಚಿತ್ರಗಳಿಗೆ ಹೆಸರೂ ಇಲ್ಲ, ತಾರೀಖೂ ಇಲ್ಲ. ಕಲಾವಿದೆ ಹಾಕಿರಲೇ ಇಲ್ಲ. ಮೊದಲ ಐದು ನಿಮಿಷ ನನಗೂ ಅನ್ನಿಸಿತು, ಇದನ್ನು ಯಾರು ಬೇಕಾದರೂ ಎಳೆಯಬಹುದು ಅಂತ. ಆಮೇಲೆ ಬಿ.ಇ. ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ನೆನಪಾಯಿತು. ಡ್ರಾಫ್ಟರ್ ಹಿಡಿದು ಒಂದೇ ದಪ್ಪದ ಒಂದು ಅಡಿ ಗೆರೆ ಎಳೆಯಲು ನಾನು ಒಂದು ಸೆಮಿಸ್ಟರ್ ಪಟ್ಟ ಪಾಡು ನನಗೆ ಗೊತ್ತು. ಈಕೆಯ ಗೆರೆ ಒಂದು ತುದಿಯಲ್ಲಿ ಕಪ್ಪಾಗಿ ಶುರುವಾಗಿ, ಎಲ್ಲೂ ಕಡಿಯದೆ, ಕಣ್ಣಿಗೆ ಸಿಗದಷ್ಟು ತೆಳುವಾಗಿ ಹೋಗಿ ಮುಗಿಯುತ್ತಿತ್ತು. ಎರಡು ಗೆರೆಯ ನಡುವಿನ ಬಿಳಿ ಜಾಗ ಕೂಡ ಅಳೆದಿಟ್ಟ ಹಾಗೆ.

ಅವರ ವಿಷಯ ಸ್ವಲ್ಪ ಹೇಳುತ್ತೇನೆ. ನಸ್ರೀನ್ ಹುಟ್ಟಿದ್ದು 1937ರಲ್ಲಿ ಕರಾಚಿಯಲ್ಲಿ. ಬೆಳೆದದ್ದು ಮುಂಬಯಿಯಲ್ಲಿ, ಓದಿದ್ದು ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆಯ ವ್ಯಾಪಾರ ಬಹರೇನ್‌ನಲ್ಲಿತ್ತು, ಅಲ್ಲಿಗೆ ಹೋಗಿ ಬಂದು ಮರಳುಗಾಡನ್ನು ಚೆನ್ನಾಗಿ ಕಂಡವರು. 1972ರಿಂದ ಬರೋಡಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಸಿದರು. ಆಗ ಬರೋಡಾದಲ್ಲಿ ಭೂಪೇನ್ ಖಖ್ಖರ್, ಗುಲಾಂ ಮೊಹಮ್ಮದ್ ಶೇಖ್ ಅವರಂಥ ದೊಡ್ಡ ಕಲಾವಿದರು ಜನರನ್ನು, ಬೀದಿಗಳನ್ನು, ಕಥೆಗಳನ್ನು ಬಣ್ಣಬಣ್ಣವಾಗಿ ಬರೆಯುತ್ತಿದ್ದರು. ಅದೇ ಊರಿನಲ್ಲಿ ಕೂತು ಈಕೆ ಗೆರೆ ಎಳೆಯುತ್ತಿದ್ದರು. ಫೋಟೋಗಳನ್ನೂ ತೆಗೆದಿದ್ದಾರೆ. ಮಗ್ಗದ ಹಾಸಿನ ನೂಲು, ಫತೇಪುರ ಸಿಕ್ರಿಯ ಕಲ್ಲುಹಾಸು, ಇಂಥವು. ಬದುಕಿದ್ದಾಗ ಅವನ್ನು ಯಾರಿಗೂ ಪ್ರದರ್ಶಿಸಲಿಲ್ಲ. ಆ ಮಗ್ಗದ ಫೋಟೋ ನೋಡಿದ ಮೇಲೆ ಅವರ ಗೆರೆಗಳು ಎಲ್ಲಿಂದ ಬಂದವು ಎಂದು ನನ್ನಂಥವನಿಗೂ ಸ್ವಲ್ಪ ಹೊಳೆಯಿತು.

ಅವರಿಗೆ ನರಗಳ ಕಾಯಿಲೆ ಇತ್ತು. ವರ್ಷದಿಂದ ವರ್ಷಕ್ಕೆ ಕೈಕಾಲಿನ ಹಿಡಿತ ತಪ್ಪುತ್ತಾ ಹೋಯಿತು. ಆ ವರ್ಷಗಳಲ್ಲೇ ನಕ್ಷೆಗಾರರ ಉಪಕರಣ ಹಿಡಿದು, ಮೇಜಿಗೆ ಬಗ್ಗಿ, ಈ ಗೆರೆಗಳನ್ನು ಎಳೆದರು. 1990ರಲ್ಲಿ, ಮುಂಬಯಿ ಹತ್ತಿರದ ಕಿಹಿಮ್ ಎಂಬ ಸಮುದ್ರದಂಡೆಯ ಊರಿನಲ್ಲಿ ತೀರಿಕೊಂಡಾಗ ಅವರಿಗೆ 53 ವರ್ಷ. ಕೈ ಮಾತು ಕೇಳದವರು ಎಳೆದ ಗೆರೆ ಅದು ಎಂದು ತಿಳಿದು ಮತ್ತೊಂದು ಸಲ ಮೊದಲ ಗೋಡೆಗೆ ವಾಪಸು ಹೋದೆ. ಅಲ್ಲಿ ಒಂದು ಕಾಗದದಲ್ಲಿ ಅಡ್ಡಕ್ಕೆ ಹೋಗುವ ಗೆರೆ, ಅದರ ಮೇಲೂ ಕೆಳಗೂ ಬರೀ ಬಿಳಿ. ಒಂಬತ್ತನೇ ತರಗತಿಯ ಆ ಹಾಳೆ ಕಣ್ಣ ಮುಂದೆ ಬಂತು. ಮ್ಯೂಸಿಯಂನಲ್ಲಿ ಅಷ್ಟು ಜನರ ನಡುವೆ ನನಗೆ ನಾಚಿಕೆಯಾಯಿತು.

ಅಲ್ಲಿಂದ ಈ ಬಗೆಯ ಚಿತ್ರ, ಶಿಲ್ಪಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಮಿನಿಮಲಿಸಂ ಅನ್ನುತ್ತಾರೆ. ಕನ್ನಡದಲ್ಲಿ ಕೆಲವರು "ಕನಿಷ್ಠತಾವಾದ" ಅಂದಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಕನಿಷ್ಠ ಅಂದ ಕೂಡಲೇ ಕನಿಷ್ಠ ವೇತನ, ಕನಿಷ್ಠ ತಾಪಮಾನ ನೆನಪಾಗುತ್ತದೆ. "ಮಿತ" ಅನ್ನುವ ಮಾತು ನಮ್ಮಲ್ಲೇ ಇದೆ. ಊಟದಲ್ಲಿ, ಮಾತಿನಲ್ಲಿ ಮಿತ ಅಂದರೆ ನಮ್ಮ ಅಜ್ಜಿಗೂ ಅರ್ಥವಾಗುತ್ತದೆ.

ಈ ಹೆಸರಿನಿಂದ ಒಂದು ಪಂಥ ಎದ್ದದ್ದು ಅಮೆರಿಕದಲ್ಲಿ, 1960ರ ದಶಕದಲ್ಲಿ. ಕಾರ್ಲ್ ಆಂದ್ರೆ ಎಂಬ ಶಿಲ್ಪಿ ರೈಲ್ವೆಯಲ್ಲಿ ಕೆಲಸ ಮಾಡಿದ್ದವನು. 1966ರಲ್ಲಿ ಆತ 120 ಇಟ್ಟಿಗೆಗಳನ್ನು ನೆಲದ ಮೇಲೆ ಎರಡು ವರಸೆಯಲ್ಲಿ ಆಯತಾಕಾರವಾಗಿ ಜೋಡಿಸಿ ಇದು ಶಿಲ್ಪ ಎಂದ. ಗಾರೆ ಇಲ್ಲ, ಕೆತ್ತನೆ ಇಲ್ಲ. ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಅದನ್ನು ದುಡ್ಡು ಕೊಟ್ಟು ಕೊಂಡಿತು. 1976ರಲ್ಲಿ ಪತ್ರಿಕೆಗಳು ಇದನ್ನು ಎತ್ತಿಕೊಂಡವು. ಜನರ ದುಡ್ಡಿನಲ್ಲಿ ಇಟ್ಟಿಗೆ ಕೊಂಡಿದ್ದಾರೆ ಎಂದು ದೊಡ್ಡ ಗಲಾಟೆ. ಒಬ್ಬ ಹೋಗಿ ಅದರ ಮೇಲೆ ನೀಲಿ ಬಣ್ಣ ಎರಚಿ ಬಂದ. ನಮ್ಮೂರಲ್ಲಿ ಇಟ್ಟಿಗೆ ಗೂಡು ಇಟ್ಟವರು ಇಲ್ಲೇ ಕೂತಿದ್ದೀರಿ, ನೀವೇ ಹೇಳಬೇಕು, ಗೂಡು ಬಿಚ್ಚಿದ ದಿನ ಸಾಲಾಗಿ ಪೇರಿಸಿಟ್ಟ ಇಟ್ಟಿಗೆಯನ್ನು ಸುಮ್ಮನೆ ನಿಂತು ನೋಡಿದ್ದೀರೋ ಇಲ್ಲವೋ. ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಆದರೂ ಪ್ರಾಮಾಣಿಕವಾಗಿ ಹೇಳುವುದಾದರೆ ಆ 120 ಇಟ್ಟಿಗೆ ನನ್ನ ಮನಸ್ಸಿಗೆ ಇನ್ನೂ ಇಳಿದಿಲ್ಲ. ವಾದವಾಗಿ ಒಪ್ಪುತ್ತೇನೆ, ಅಷ್ಟೇ.

ಆಗ್ನೆಸ್ ಮಾರ್ಟಿನ್ ಅವರ ಕೆಲಸ ಮಾತ್ರ ಬೇಗ ಇಳಿಯಿತು. ಕೆನಡಾದ ಸಸ್ಕಾಚೆವಾನ್ ಎಂಬ ಗೋಧಿ ಬೆಳೆಯುವ ಬಯಲು ನಾಡಿನಲ್ಲಿ 1912ರಲ್ಲಿ ಹುಟ್ಟಿದ ಹೆಣ್ಣುಮಗಳು. ಆರು ಅಡಿಗೆ ಆರು ಅಡಿ ಚೌಕದ ಕ್ಯಾನ್ವಾಸಿನ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಅಡ್ಡ ಉದ್ದ ಗೆರೆ. ಗ್ರಾಫ್ ಹಾಳೆಯ ಹಾಗೆ. ಹತ್ತಿರ ಹೋದರೆ ಬಟ್ಟೆಯ ನೇಯ್ಗೆಗೆ ತಾಗಿ ಪೆನ್ಸಿಲ್ ಅಲ್ಲಲ್ಲಿ ನಡುಗಿರುವುದು ಕಾಣುತ್ತದೆ. ಮಾನಸಿಕ ಕಾಯಿಲೆಯಿಂದ ನರಳಿದವರು. ಹೆಸರು ಬಂದ ಹೊತ್ತಿನಲ್ಲೇ, 1967ರಲ್ಲಿ, ಕುಂಚ ಕೆಳಗಿಟ್ಟು ನ್ಯೂಯಾರ್ಕ್ ಬಿಟ್ಟು ಹೋದರು. ನ್ಯೂ ಮೆಕ್ಸಿಕೋದ ಒಣ ನೆಲದಲ್ಲಿ ಮಣ್ಣಿನ ಇಟ್ಟಿಗೆಯ ಮನೆಯನ್ನು ತಾವೇ ಕಟ್ಟಿಕೊಂಡು, ಕೆಲವು ವರ್ಷ ಚಿತ್ರವನ್ನೇ ಬರೆಯದೆ ಇದ್ದು, ಮತ್ತೆ ಶುರು ಮಾಡಿ, 2004ರಲ್ಲಿ ತೀರಿಕೊಂಡರು. ಮೊದಲ ಸಲ ಇಂಥ ಚೌಕುಳಿ ಚಿತ್ರ ಬರೆದಾಗ ಮನಸ್ಸಿನಲ್ಲಿದ್ದದ್ದು ಮರಗಳ ಮುಗ್ಧತೆ ಎಂದು ಹೇಳಿಕೊಂಡಿದ್ದಾರೆ. ಮರ ಎಂದು ಕಂಡದ್ದನ್ನು ಚೌಕುಳಿಯಾಗಿ ಬರೆಯುವುದು ನಮಗೆ ವಿಚಿತ್ರ. ಆದರೆ ಬಯಲು ಸೀಮೆಯಲ್ಲಿ ರಾಗಿ ಹೊಲದ ಸಾಲು ನೋಡಿದವರಿಗೆ ಪೂರ್ತಿ ವಿಚಿತ್ರ ಅನ್ನಿಸಬಾರದು.

ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿ ಕೊರಿಯಾ ದೇಶದ್ದು. ಪಾರ್ಕ್ ಸೊ-ಬೊ ಎಂಬ ಕಲಾವಿದರು, ಹುಟ್ಟಿದ್ದು 1931. ಯುದ್ಧ, ಬಡತನ ಎಲ್ಲ ಕಂಡ ತಲೆಮಾರು. 1967ರಲ್ಲಿ ಒಂದು ದಿನ ಅವರ ಪುಟ್ಟ ಮಗ ಚೌಕುಳಿ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದುತ್ತಿದ್ದ. ಅಕ್ಷರ ಚೌಕದೊಳಗೆ ಕೂರಲೊಲ್ಲದು. ಬರೆದ, ಅಳಿಸಿದ, ಬರೆದ, ಅಳಿಸಿದ. ಕೊನೆಗೆ ಸಿಟ್ಟು ಬಂದು ಪುಟದ ತುಂಬ ಗೀಚಿಬಿಟ್ಟ. ಅಪ್ಪ ಬೈಯಲಿಲ್ಲ. ಗೀಚಿ ಕೈಬಿಟ್ಟ ಆ ಮಗುವನ್ನು ನೋಡಿ, ನಾನೂ ಹೀಗೆ ಬಿಟ್ಟುಕೊಡುವುದನ್ನು ಕಲಿಯಬೇಕು ಎಂದುಕೊಂಡರು. ಅಲ್ಲಿಂದ ಹಸಿ ಬಿಳಿ ಬಣ್ಣ ಬಳಿದು, ಅದು ಆರುವ ಮೊದಲೇ ಪೆನ್ಸಿಲಿನಿಂದ ಸಾಲು ಸಾಲಾಗಿ ಗೆರೆ ಎಳೆಯುವುದು, ಮೇಲೆ ಮತ್ತೆ ಬಣ್ಣ, ಮತ್ತೆ ಗೆರೆ. 2023ರಲ್ಲಿ ತೀರಿಕೊಳ್ಳುವವರೆಗೆ ಈ ಸರಣಿಯನ್ನು ಬಿಡಲಿಲ್ಲ. ಜಪಮಣಿ ಎಣಿಸುವ ಕೆಲಸದ ಹಾಗೆ. ಕಾಪಿ ಪುಸ್ತಕ ಗೀಚುವ ಮಕ್ಕಳು ಇದನ್ನು ನೆಪ ಮಾಡಿಕೊಳ್ಳಬೇಡಿ, ಟೀಚರ್ ನನ್ನನ್ನು ಬೈಯುತ್ತಾರೆ.

ಜಪಾನಿನ ಕ್ಯೋಟೋ ನಗರದಲ್ಲಿ ರ‍್ಯೋಆನ್‌ಜಿ ಎಂಬ ಬೌದ್ಧ ದೇವಾಲಯವಿದೆ. ಅದರ ಅಂಗಳದಲ್ಲಿ ಬಿಳಿ ಜಲ್ಲಿ ಹರಡಿ, ಐದು ಗುಂಪಾಗಿ 15 ಕಲ್ಲು ಇಟ್ಟಿದ್ದಾರೆ. ಕಲ್ಲಿನ ಬುಡದಲ್ಲಿ ಸ್ವಲ್ಪ ಪಾಚಿ. ಗಿಡವಿಲ್ಲ, ಹೂವಿಲ್ಲ, ನೀರಿಲ್ಲ. ಜಲ್ಲಿಯನ್ನು ಹಲುಬೆಯಂಥ ಸಾಧನದಿಂದ ಎಳೆದು ಗೆರೆ ಮೂಡಿಸುತ್ತಾರೆ. ಜಗಲಿಯಲ್ಲಿ ಎಲ್ಲಿ ಕೂತು ನೋಡಿದರೂ ಒಂದಾದರೂ ಕಲ್ಲು ಇನ್ನೊಂದರ ಹಿಂದೆ ಮರೆಯಾಗಿರುತ್ತದೆ, ಹದಿನೈದೂ ಒಟ್ಟಿಗೆ ಕಾಣುವುದಿಲ್ಲ. ನಾನು ಅಲ್ಲಿಗೆ ಹೋಗಿಲ್ಲ, ಫೋಟೋದಲ್ಲಿ ನೋಡಿದ್ದು. ಫೋಟೋದಲ್ಲಿ ಎಣಿಸಲು ಹೋಗಿ ನಾನೂ ಸೋತೆ.

ಇಷ್ಟನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ, ಜಗತ್ತಿನ ಎಲ್ಲ ಸಂಸ್ಕೃತಿಗಳೂ ಸರಳತೆಯನ್ನೇ ಹೇಳಿವೆ ಎಂದು ಭಾಷಣ ಮುಗಿಸಬಹುದು. ಹಾಗೆ ಬರೆದ ಪುಸ್ತಕಗಳೂ ಇವೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಝೆನ್ ಅಂಗಳದ ಬಯಲು ಧ್ಯಾನಕ್ಕೆ ಬಂದದ್ದು. ಆಂದ್ರೆಯ ಇಟ್ಟಿಗೆ ಕಾರ್ಖಾನೆಯಿಂದ ಬಂದದ್ದು, ಶಿಲ್ಪದಲ್ಲಿ ಅರ್ಥ ಹುಡುಕುವುದನ್ನೇ ನಿಲ್ಲಿಸಿ ಎಂದು ಹೇಳಲು ಬಂದದ್ದು. ಪಾರ್ಕ್ ಅವರದು ಸಾಧನೆ, ನಸ್ರೀನ್ ಅವರದು ಇನ್ನೇನೋ. ನೋಡಲು ಎಲ್ಲವೂ ಖಾಲಿ. ಆದರೆ ಅಮಾವಾಸ್ಯೆ ಉಪವಾಸ ಮಾಡಿದವನ ಹೊಟ್ಟೆಯೂ ಖಾಲಿ, ಜ್ವರ ಬಂದವನ ಹೊಟ್ಟೆಯೂ ಖಾಲಿ, ಅಕ್ಕಿ ಇಲ್ಲದವನ ಹೊಟ್ಟೆಯೂ ಖಾಲಿ.

ಹಾಗಾಗಿ ಇಂಥ ಚಿತ್ರ ಕಂಡರೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಇವರು ಏನನ್ನು ಬಿಟ್ಟಿದ್ದಾರೆ, ಬಿಡುವ ಮೊದಲು ಅದು ಇವರ ಕೈಯಲ್ಲಿತ್ತೇ? ಇದಕ್ಕೆ ನನಗೆ ಸಿಕ್ಕ ದೊಡ್ಡ ಉದಾಹರಣೆ ನಾವೆಲ್ಲ ಪ್ರವಾಸದಲ್ಲಿ ಹೋಗಿ ಬಂದದ್ದೇ. ಶ್ರವಣಬೆಳಗೊಳ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತು ತಲೆ ಎತ್ತಿದರೆ ಸುಮಾರು 58 ಅಡಿ ಎತ್ತರದ ಗೊಮ್ಮಟ. ಚಾವುಂಡರಾಯ ಹತ್ತನೇ ಶತಮಾನದ ಕೊನೆಯಲ್ಲಿ ಮಾಡಿಸಿದ್ದು. ಬೇಲೂರು ಹಳೇಬೀಡಿನ ಶಿಲ್ಪಗಳ ಹಾಗೆ ಒಡವೆ ಇಲ್ಲ, ಕಿರೀಟವಿಲ್ಲ, ಬಟ್ಟೆಯೂ ಇಲ್ಲ. ನಯಗೊಳಿಸಿದ ಕಲ್ಲು, ಕಾಲಿಗೂ ತೋಳಿಗೂ ಹಬ್ಬಿದ ಬಳ್ಳಿ, ಬುಡದಲ್ಲಿ ಹುತ್ತ. ಬಾಹುಬಲಿಯ ಕಥೆ ನಿಮಗೆ ಗೊತ್ತು. ಅಣ್ಣನನ್ನು ಗೆದ್ದು, ರಾಜ್ಯ ಕೈಗೆ ಬಂದ ಗಳಿಗೆಯಲ್ಲಿ ಬಿಟ್ಟವನು. ಸೋತು ಬಿಟ್ಟಿದ್ದರೆ ಆ ಬತ್ತಲೆಗೆ ಬೇರೆಯೇ ಅರ್ಥ ಬರುತ್ತಿತ್ತು. ಜೈನರಲ್ಲೇ ಇನ್ನೊಂದು ಬಗೆಯ ಮೂರ್ತಿ ಇದೆ, ಸಿದ್ಧಪ್ರತಿಮೆ ಅನ್ನುತ್ತಾರೆ. ಲೋಹದ ತಗಡಿನಲ್ಲಿ ನಿಂತ ಮನುಷ್ಯನ ಆಕಾರವನ್ನು ಕತ್ತರಿಸಿ ತೆಗೆದಿರುತ್ತಾರೆ. ಉಳಿಯುವುದು ಆಕಾರದ ಬಯಲು ಮಾತ್ರ. ಮೋಕ್ಷ ಪಡೆದವನಿಗೆ ದೇಹವಿಲ್ಲ, ಹಾಗಾಗಿ ಮೂರ್ತಿಗೂ ಇಲ್ಲ. ಅಮೆರಿಕದವರ ಪಂಥಕ್ಕೆ ಶತಮಾನಗಳ ಮೊದಲು ನಮ್ಮ ದೇಶದ ಕಂಚುಗಾರರು ಮಾಡಿದ ಕೆಲಸ ಅದು.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನೂ ಮಕ್ಕಳು ನೋಡಬೇಕು. ನಾಲ್ಕು ಗೆರೆಯಲ್ಲಿ ಕುಣಿಯುವವಳ ಕಾಲು, ಲಂಗದ ಸುತ್ತು ಎಲ್ಲ ಬಂದಿರುತ್ತದೆ. ಅದಕ್ಕಾಗಿ ಅವರು ಕಥಕ್ ಕುಣಿತವನ್ನೇ ಕಲಿತಿದ್ದರು.

ಇನ್ನೊಂದು ಮಾತು, ಸ್ವಲ್ಪ ಕಹಿ. ಬೆಂಗಳೂರಿನಲ್ಲಿ ಈಗ "ಮಿನಿಮಲಿಸ್ಟ್ ಮನೆ" ಎಂದು ಜಾಹೀರಾತು ಬರುತ್ತದೆ. ಬಿಳಿ ಗೋಡೆ, ಒಂದು ಬೆಂಚು, ಒಂದು ಹೂಕುಂಡ, ಬೆಲೆ ಎರಡು ಕೋಟಿ. ನಮ್ಮ ಕ್ಷೇತ್ರದಲ್ಲೂ ಆಪ್‌ಗಳ ಪರದೆ ಹಾಗೇ ಇರಬೇಕು ಅನ್ನುತ್ತಾರೆ. ಹಿಂದಿನ ವರ್ಷ ಗೆಳೆಯರೊಬ್ಬರು ನಮ್ಮ ಶಾಲೆಯ ಹಳೆಯ ಫೋಟೋ ನೋಡಿ, ಬೆಂಚಿಲ್ಲದ ಕೋಣೆ, ನೆಲದ ಮೇಲೆ ಕೂತ ನಾವು, ಒಂದೇ ಕಪ್ಪು ಹಲಗೆ ಕಂಡು "ವಾಹ್, ಎಷ್ಟು ಮಿನಿಮಲ್" ಅಂದರು. ನಗುತ್ತಲೇ ಅಂದೆ, ಅದು ಮಿನಿಮಲ್ ಅಲ್ಲ ಸ್ವಾಮಿ, ಬೆಂಚ್ ಬಂದಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಈ ಶಾಲೆಗೆ ಆ ವಿಷಯಕ್ಕೆ ಯಾರೂ ಬಂದಿಲ್ಲ. ವೇಳಾಪಟ್ಟಿಯಲ್ಲಿ ಆ ಪೀರಿಯಡ್ ಖಾಲಿ ಇದೆ. ಆ ಖಾಲಿಯನ್ನು ನಾನು ಯಾವ ಕಲೆಯ ಹೆಸರಿನಿಂದಲೂ ಹೊಗಳಲಾರೆ. ನಮ್ಮ ಬ್ಯಾಚಿನವರು ಸೇರಿ ಅತಿಥಿ ಶಿಕ್ಷಕರೊಬ್ಬರ ಗೌರವಧನವನ್ನು ಎರಡು ವರ್ಷ ಕೊಡುವುದೆಂದು ಮಾಡಿದ್ದೇವೆ. ಮುಖ್ಯೋಪಾಧ್ಯಾಯರ ಜೊತೆ ಮಾತಾಗಿದೆ. ಎರಡು ವರ್ಷದ ಆಚೆಗೆ ಏನು ಎಂಬುದನ್ನು ವೇದಿಕೆಯ ಮೇಲಿರುವ ಹಿರಿಯರು ಯೋಚಿಸಬೇಕು.

ಈ ಭಾಷಣ ಬರೆದು ಮುಗಿಸಿ, ಹೋದ ವಾರ ಆ ಸಹಪಾಠಿಗೆ ಫೋನ್ ಮಾಡಿದೆ. ನಿನ್ನ ವಿಷಯ ಹೇಳಬಹುದೇ ಎಂದು ಕೇಳಬೇಕಿತ್ತು, ಕ್ಷಮೆಯನ್ನೂ ಕೇಳಬೇಕಿತ್ತು. "ಹೇಳಪ್ಪಾ, ಹೆಸರು ಮಾತ್ರ ಹೇಳಬೇಡ. ಹೇಳಿದರೆ ಮತ್ತೆ ಎಲ್ಲರೂ ಒಂದ್‌ಗೆರೆ ಅಂತಾರೆ" ಎಂದು ನಕ್ಕಳು. ನಾನು ನಸ್ರೀನ್ ಮೊಹಮ್ಮದಿ ಅವರ ವಿಷಯ, ಜಪಾನಿನ ಕಲ್ಲಿನ ವಿಷಯ ಎಲ್ಲ ಹೇಳಿ, ಗುಡ್ಡ, ಸೂರ್ಯ, ತೆಂಗಿನ ಮರ ಎಲ್ಲವನ್ನೂ ಬಿಡಬೇಕೆಂದು ಆ ವಯಸ್ಸಿನಲ್ಲಿ ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದೆ.

"ಬಿಟ್ಟಿದ್ದಲ್ಲ ಕಣೋ," ಅಂದಳು. "ಹಿಂದಿನ ದಿನ ಸಾಯಂಕಾಲ ದನ ಹೊಡಕೊಂಡು ಏರಿ ಮೇಲೆ ಕೂತಿದ್ದೆ. ಅಷ್ಟೇ ಕಾಣ್ತಿತ್ತು. ಆ ವರ್ಷ ಕೆರೇಲಿ ನೀರೇ ಇರಲಿಲ್ಲವಲ್ಲ, ಮರೆತುಬಿಟ್ಯಾ?"

ಮರೆತಿದ್ದೆ. ಸತತ ಬರದ ವರ್ಷಗಳು ಅವು. ಬೋರ್‌ವೆಲ್ ಮುಂದೆ ಕೊಡದ ಸಾಲು ಇರುತ್ತಿತ್ತು. ಕೆರೆ ಒಣಗಿ ಅಂಗಳ ಬಿರುಕು ಬಿಟ್ಟಿದ್ದಾಗ ನಾವು ಮೂವತ್ತೊಂಬತ್ತು ಜನ ಹೊಳೆ ಹರಿಸಿ ನೀಲಿ ಬಣ್ಣ ಹಚ್ಚಿದ್ದೆವು. ಆಕೆ ಒಬ್ಬಳೇ ಇದ್ದದ್ದನ್ನು ಬರೆದಿದ್ದಳು. ಏನನ್ನು ಬಿಟ್ಟಿದ್ದಾರೆ ಎಂಬ ನನ್ನ ಪ್ರಶ್ನೆ ಆ ಚಿತ್ರಕ್ಕೆ ಹೊಂದುವುದೇ ಇಲ್ಲ. ಭಾಷಣದ ಆ ಭಾಗವನ್ನು ಹೊಡೆದುಹಾಕೋಣ ಎಂದುಕೊಂಡೆ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಆ ಹಾಳೆ ಆಕೆಯ ಹತ್ತಿರ ಇಲ್ಲ. ಅಂದೇ ಹರಿದು ಒಲೆಗೆ ಹಾಕಿದಳಂತೆ. ಈಗ ಹಿಂದಿನ ಮೇಜಿನ ಮೇಲೆ ಡ್ರಾಯಿಂಗ್ ಶೀಟು, ಪೆನ್ಸಿಲು ಇಟ್ಟಿದ್ದೇವೆ. ಊಟಕ್ಕೆ ಇನ್ನೂ ಹೊತ್ತಿದೆ. ಮಕ್ಕಳು, ದೊಡ್ಡವರು ಯಾರು ಬೇಕಾದರೂ ನಮ್ಮೂರ ಕೆರೆ ಬರೆಯಬಹುದು. ಬೆಳಿಗ್ಗೆ ಬರುವಾಗ ಏರಿ ಮೇಲೆ ಗಾಡಿ ನಿಲ್ಲಿಸಿ ನೋಡಿದೆ. ಈ ಸಲ ನೀರು ಚೆನ್ನಾಗಿದೆ, ತೂಬಿನ ಕಲ್ಲು ಅರ್ಧ ಮುಳುಗಿದೆ.